ಕೊರಿಂತ್‌ನಲ್ಲಿ ಬಿಟ್ಟುಬಂದ ಅಣ್ಣ

ನೇಪರ್‌ವಿಲ್
ಗುರುವಾರ

ಮದುಮಗಳು ಮಾಳವಿಕಾಳಿಗೆ,

ನಿನ್ನಮ್ಮ ಫೋನ್ ಮಾಡಿದ್ದರು. ಮುಹೂರ್ತ, ಹಾಲ್, ಊಟದ ಪಟ್ಟಿ ಎಲ್ಲವನ್ನೂ ಒಪ್ಪಿಸಿ ಕೊನೆಗೆ ದನಿ ತಗ್ಗಿಸಿದರು. "ನಮ್ಮ ಮಾಲೂಗೆ ಒಡಹುಟ್ಟಿದವರು ಯಾರೂ ಇಲ್ಲ, ನಿಂಗೆ ಗೊತ್ತಲ್ಲಪ್ಪ. ಲಾಜಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕೋಕೆ ಅಣ್ಣನ ಸ್ಥಾನದಲ್ಲಿ ನೀನೇ ನಿಲ್ಲಬೇಕು ಸಾಕೇತ್." ನಾನಾಗ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯಿತು, ನಾನು ಸಿಡಿಯಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಆಂಟಿ" ಎಂದೆ. ಯೋಚನೆ ಮಾಡಿದ್ದೇನೆ. ಉತ್ತರ ನಿನಗೆ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಯಾಕೆಂದರೆ ಆರವ್‌ಗೆ ಓದಲು ಬರುವುದಿಲ್ಲ. ನಿನ್ನ ಭಾವೀ ಪತಿಯ ಕನ್ನಡವೆಲ್ಲ 'ಸ್ವಲ್ಪ ಸ್ವಲ್ಪ ಗೊತ್ತು' ಎಂಬಲ್ಲಿಗೆ ಮುಗಿಯುತ್ತದೆ. ವೆಸ್ಟ್ ಬ್ಲೂಮ್‌ಫೀಲ್ಡ್‌ನ ಭಾನುವಾರದ ಕನ್ನಡ ತರಗತಿಯಲ್ಲಿ ನೀನು ಅಳುತ್ತ ಕಲಿತ ಒತ್ತಕ್ಷರಗಳು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ.

ಕಾಲೇಜಿನ ಕೊನೆಯ ಬೇಸಿಗೆ ನೆನಪಿದೆಯಲ್ಲ? ಅಥೆನ್ಸ್‌ನಲ್ಲಿ ನಾನು, ನೀನು, ನಿನ್ನ ರೂಮ್‌ಮೇಟ್ ಸ್ಮಿತಾ. ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಇಪ್ಪತ್ತೈದರೊಳಗಿನವರಿಗೆ ಅಗ್ಗದ ಒಂದು ದಿನದ ಪ್ರವಾಸ: ಬೆಳಿಗ್ಗೆ ಮೈಸೀನಿ, ಮಧ್ಯಾಹ್ನ ಕೊರಿಂತ್, ಸಂಜೆ ಐದಕ್ಕೆ ವಾಪಸ್. ಊಟ ಸೇರಿರಲಿಲ್ಲ, ಗೈಡ್ ಸೇರಿರಲಿಲ್ಲ. ಎ.ಸಿ. ಸೇರಿತ್ತು, ಆದರೆ ಅದು ಕೆಲಸ ಮಾಡಬೇಕೆಂದು ಚೀಟಿಯಲ್ಲಿ ಎಲ್ಲೂ ಬರೆದಿರಲಿಲ್ಲ. "ಇಷ್ಟು ಚೀಪಾಗಿ ಮೂರು ಸಾವಿರ ವರ್ಷ ಯಾರು ಕೊಡ್ತಾರೆ ಹೇಳು" ಎಂದೆ. "ನೀನು ಹುಟ್ಟಿದಾಗ್ಲೇ ಅಂಕಲ್ ಕಣೋ" ಎಂದೆ ನೀನು.

ಮೈಸೀನಿಯ ಹೆಬ್ಬಾಗಿಲ ಮೇಲೆ ಎರಡು ಕಲ್ಲಿನ ಸಿಂಹಗಳು, ಎರಡಕ್ಕೂ ತಲೆಯಿಲ್ಲ. ಪ್ರೀತಿಸುವವರಿಗೆ ಅದು ಬೇಕಾಗುವುದೂ ಇಲ್ಲ ಎಂದು ನಾನು ಜೋಕು ಮಾಡಿದೆ. ಆ ಬಾಗಿಲ ನೆರಳಿನಲ್ಲಿ ಕೂತು, ಆಂಟಿ ನಿನಗೆ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಗೊಜ್ಜನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತ ತೀರ್ಮಾನಿಸಿದೆವು: ಸಂಜೆ ಆರಕ್ಕೆ, ಅಮೆರಿಕದ ನಿಮ್ಮ ಮನೆಯಲ್ಲಿ ಬೆಳಗಿನ ಕಾಫಿ ಮುಗಿದಿರುವ ಹೊತ್ತಿಗೆ, ಇಬ್ಬರೂ ಒಟ್ಟಿಗೆ ವಿಡಿಯೋ ಕಾಲ್ ಮಾಡಿ ನಮ್ಮ ವಿಷಯ ಹೇಳಿಬಿಡುವುದು. ಒಂದೇ ವಾಕ್ಯ. ಅದನ್ನು ನಾನೇ ಹೇಳುತ್ತೇನೆ ಎಂದೆ ನೀನು.

ಆಮೇಲಿನದನ್ನು ನಮ್ಮ ಬಳಗದಲ್ಲಿ ಯಾರೂ ಮರೆಯದಂತೆ ನೀನೇ ನೋಡಿಕೊಂಡಿದ್ದೀಯ. ಕೊರಿಂತ್‌ನಲ್ಲಿ ಅಪೊಲೊ ದೇವಸ್ಥಾನ. ದೇವರು ಹೋಗಿ ಎಷ್ಟೋ ಕಾಲವಾಗಿತ್ತು, ಉಳಿದದ್ದು ಏಳು ಕಂಬ. ನನ್ನ ತಲೆಗೆ ಅದು ಪಾಳು ಗುಡಿಯೆಂದು ತಿಳಿದಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಹಗ್ಗ ಕಟ್ಟಿದ್ದ ಕಡೆ ಶೂ ಬಿಚ್ಚಿಟ್ಟು, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಸಾಕ್ಸ್ ಹಾಕಿಕೊಂಡು ಪ್ರದಕ್ಷಿಣೆ ಬಂದೆ. ಬಂದು ನೋಡಿದರೆ ಶೂ ಇಲ್ಲ. ಯಾರೋ ಮರೆತುಹೋದದ್ದೆಂದು ಕಾವಲಿನವಳು ಎತ್ತಿಕೊಂಡು ಆಚೆ ತುದಿಯ ಆಫೀಸಿಗೆ ಒಯ್ದಿದ್ದಳು. "ಓಡು, ತಗೊಂಡ್ ಬಾ. ಬಸ್ ನಾನು ನಿಲ್ಲಿಸಿರ್ತೀನಿ" ಎಂದೆ ನೀನು. ಓಡಿದೆ. ಮರಳಿ ಬಂದಾಗ ಬಸ್ಸಿರಲಿಲ್ಲ. ಗುಡಿಯಲ್ಲಿ ಏಳು ಕಂಬ, ರಸ್ತೆಯಲ್ಲಿ ಎಂಟನೆಯದಾಗಿ ನಾನು. ನಿನ್ನ ಫೋನ್ ಆಫ್ ಆಗಿತ್ತು.

ಒಂದು ಬಸ್ಸು, ಒಂದು ರೈಲು ಹಿಡಿದು ಹಾಸ್ಟೆಲ್ ಸೇರಿದಾಗ ಎಂಟಾಗಿತ್ತು. ಕಾಲ್ ಮುಗಿದಿತ್ತು. "ಡ್ರೈವರ್ ಕೇಳ್ಲೇ ಇಲ್ಲ ಕಣೋ, ಹೊರಟೇ ಬಿಟ್ಟ. ನಿನ್ನ ವಿಷ್ಯ ಇನ್ನೊಂದ್ಸಲ ಹೇಳೋಣ" ಎಂದೆ ನೀನು. ಆ ಇನ್ನೊಂದು ಸಲ ಬರುವುದರೊಳಗೆ, ಮೂರು ತಿಂಗಳಲ್ಲಿ, ನೀನು ನನ್ನನ್ನು ಬಿಟ್ಟೆ.

ನಾಲ್ಕು ವರ್ಷ ನಾನು ನನ್ನ ಕಾಲನ್ನೇ ಬೈದುಕೊಂಡೆ. ಗುಡಿ ಕಂಡರೆ ಚಪ್ಪಲಿ ಬಿಡುವ ಮೈಸೂರಿನ ಅಭ್ಯಾಸವೊಂದು ನನ್ನ ಬಾಳನ್ನು ಹಾಳುಮಾಡಿತೆಂದು ನಂಬಿದ್ದೆ. ನೀನು ಪಾಟ್‌ಲಕ್ ಊಟಗಳಲ್ಲಿ ಆ ಕಥೆ ಹೇಳಿ ನಗಿಸಿದಾಗ ನಾನೂ ಎದ್ದು ಪ್ರದಕ್ಷಿಣೆಯ ಅಭಿನಯ ಮಾಡಿ ತೋರಿಸಿದ್ದೇನೆ. ಯುಗಾದಿ ಕಾರ್ಯಕ್ರಮದಲ್ಲಿ ಅದನ್ನೇ ಹಾಸ್ಯಪ್ರಸಂಗ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮುಂದಿನ ಸಾಲಿನಲ್ಲಿ ಕೂತು ನೀನೂ ತಟ್ಟಿದೆ.

ಹೋದ ತಿಂಗಳು ವಿಕ್ಸಮ್‌ನಲ್ಲಿ ಸ್ಮಿತಾಳ ಮನೆಗೆ ಹೋಗಿದ್ದೆ. ಅವಳು ಬಿಸಿಬೇಳೆಭಾತಿಗೆ ತುಪ್ಪ ಹಾಕುತ್ತ, ಏನೂ ಅಲ್ಲವೆಂಬಂತೆ ಹೇಳಿದಳು: "ಅಲ್ವೋ, ಡ್ರೈವರ್ ಎರಡು ಸಲ ಕೇಳಿದ್ನಲ್ಲ, ಇನ್ಯಾರಾದ್ರೂ ಬರೋರಿದಾರಾ ಅಂತ. ಮಾಲು ಇಲ್ಲ ಅಂದ್ಳು. ನೀನು ಮ್ಯೂಸಿಯಂ ನೋಡ್ಕೊಂಡು ಆಮೇಲೆ ಬರ್ತೀಯ ಅಂತ ನಂಗ್ ಹೇಳಿದ್ಳು." ಭಾತು ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಉಳಿದದ್ದನ್ನು ಆಂಟಿ ಫೋನಿನಲ್ಲಿ ಪೂರ್ತಿ ಮಾಡಿದರು. "ಅವತ್ತು ಗ್ರೀಸಿಂದ ಕಾಲ್ ಮಾಡಿದಾಗ, ನಿಮ್ ಜೊತೆ ಬಂದಿರೋ ಆ ಹುಡುಗ ಯಾರೇ ಅಂತ ನಾನೇ ಕೇಳ್ದೆ. ಅಣ್ಣ ಇದ್ದ ಹಾಗಮ್ಮ ಅಂದ್ಳು. ಅವತ್ತಿಂದ ನಂಗೂ ನೀನು ಮಗನೇ." ಪಾಪ, ಅವರು ಪ್ರೀತಿಯಿಂದಲೇ ಹೇಳಿದರು.

ಮಾಲು, ನಿನಗೆ ನಾನು ಬೇಡವಾಗಿದ್ದರೆ ಆ ಕಲ್ಲಿನ ಸಿಂಹಗಳ ಕೆಳಗೇ ಹೇಳಬಹುದಿತ್ತು. ಅತ್ತು, ಮೂಗು ಒರೆಸಿಕೊಂಡು, ನಿನ್ನ ಪಕ್ಕದ ಸೀಟಿನಲ್ಲೇ ಸುಮ್ಮನೆ ವಾಪಸ್ ಬರುತ್ತಿದ್ದೆ. ಹುಡುಗಿಯರು ಬೇಡ ಅನ್ನುತ್ತಾರೆ, ಹುಡುಗರು ಬದುಕಿಕೊಳ್ಳುತ್ತಾರೆ. ನೀನು ಬೇಡ ಅನ್ನುವ ಕೆಲಸವನ್ನು ಬಸ್ಸಿಗೆ ವಹಿಸಿದೆ. ತಪ್ಪನ್ನು ನನಗೆ ಕೊಟ್ಟೆ. ನಾನದನ್ನು ನಾಲ್ಕು ವರ್ಷ ಹೊತ್ತು, ಎಲ್ಲರ ಮುಂದೆ ಕುಣಿದೆ.

ಅರಳು ಹಾಕಲು ನಾನು ಬರುವುದಿಲ್ಲ. ಅಗ್ನಿಸಾಕ್ಷಿಯಾಗಿ ಮಾಡುವ ಆ ಶಾಸ್ತ್ರದಲ್ಲಾದರೂ ಸುಳ್ಳು ಸೇರುವುದು ಬೇಡ. ಆಫೀಸು, ಜ್ವರ, ಹಿಮ ಎಂದು ನೆಪ ಹುಡುಕುವುದು ನನಗೆ ಸುಲಭ, ಹೇಳುವುದಿಲ್ಲ. ಆಂಟಿ ಮತ್ತೆ ಫೋನ್ ಮಾಡಿದರೆ, "ಮಾಲೂನ ಕೇಳಿ ಆಂಟಿ" ಎನ್ನುತ್ತೇನೆ, ಅಷ್ಟೇ. ಆ ಹುಡುಗ ಯಾರೇ ಎಂದು ಅವರು ಇನ್ನೊಮ್ಮೆ ಕೇಳುತ್ತಾರೆ. ಈ ಸಲ ಉತ್ತರ ಹೇಳಬೇಕಾದವಳು ನೀನೊಬ್ಬಳೇ.

ಮದುವೆ ಚೆನ್ನಾಗಿ ನಡೆಯಲಿ. ಆರವ್ ಒಳ್ಳೆಯವನು, ಅವನು ಏನಾದರೂ ಕೇಳಿದರೆ ಅವನ ಮುಖ ನೋಡಿ ಉತ್ತರ ಹೇಳುವ ಧೈರ್ಯವನ್ನು ದೇವರು ನಿನಗೆ ಕೊಡಲಿ.

ಇಂತಿ,
ನಿನಗೆ ಏನೂ ಆಗಬೇಕಿಲ್ಲದ
ಸಾಕೇತ್