ಅಂದಾನಿಯ ಎದುರಿಗೆ ಕೂರುವವರು

ಇಳಕಲ್ಲ
೧೨-೯-೧೯೭೮

ಚಿ. ಸೌ. ಸಾವಿತ್ರಿಗೆ ನಿನ್ನ ಅವ್ವ ಅಂಬವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಮಗ್ಗದ ಕೆಲಸದ ನೆಪ ಹೇಳಬಹುದಿತ್ತು, ಆದರೆ ಅದು ಸುಳ್ಳು. ಬರೆಯಲು ಕೂತಾಗೆಲ್ಲ ಕೈ ಸೋಲುತ್ತಿತ್ತು. ಬರುವ ತಿಂಗಳು ನಿನ್ನ ಚೊಚ್ಚಲ ಬಸಿರಿನ ಕುಬಸಕ್ಕೆ ನಾನೂ ನಿಮ್ಮಪ್ಪನೂ ಬಾಗಲಕೋಟೆಗೆ ಬರಬೇಕು, ತಮ್ಮ ಅಂದಾನಿಯನ್ನು ಮಾತ್ರ ಯಾರ ಮನೆಯಲ್ಲಾದರೂ ಬಿಟ್ಟು ಬರಬೇಕು ಎಂದು ಬರೆದಿದ್ದೀ. ನಿನ್ನ ಅತ್ತೆ ಸಂಗವ್ವನವರು ಹಾಗೆ ಹೇಳಿದ್ದು ತಪ್ಪು ಎನ್ನಲಾರೆ. ನಿನ್ನ ಮದುವೆಯಲ್ಲಿ ಬ್ಯಾಂಡಿನ ಸದ್ದಿಗೆ ಅವನು ಕಿರುಚಿದ್ದು, ಹಿಡಿಯಲು ಬಂದ ನಿನ್ನ ಮೈದುನನ ಕೈ ಕಚ್ಚಿದ್ದು ಅಷ್ಟು ಬೇಗ ಮರೆಯುವಂಥದ್ದಲ್ಲ. ನಾನಾದರೂ ಎಲ್ಲಿ ಮರೆತಿದ್ದೇನೆ?

ಅದಕ್ಕೆ ಉತ್ತರ ಕೊಡುವ ಮೊದಲು ಅವನ ಶಾಲೆಯ ಸುದ್ದಿ ಕೇಳು. ಜೂನಿನಲ್ಲಿ ಹೆಡ್‌ಮಾಸ್ತರರು ನಮ್ಮನ್ನು ಕರೆಸಿದರು. ಹುಡುಗ ಪ್ರಾರ್ಥನೆಗೆ ನಿಲ್ಲುವುದಿಲ್ಲ, ಯಾರೊಂದಿಗೂ ಕೂಡಿ ಏನೂ ಮಾಡುವುದಿಲ್ಲ, ಗಂಟೆ ಹೊಡೆದರೆ ಬಾಗಿಲ ಹಿಂದೆ ಮುದುಡುತ್ತಾನೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನಿಮ್ಮಪ್ಪ ತಲೆ ತಗ್ಗಿಸಿ ಹೂಂ ಅಂದುಬಿಟ್ಟರು. ಹೊಸದಾಗಿ ಬಂದಿರುವ ಬಂದೇನವಾಜ ಮಾಸ್ತರರು ಮಾತ್ರ, ದಸರೆಯ ತನಕ ನನ್ನ ಕಡೆ ಬಿಡಿ ಎಂದು ಕೇಳಿಕೊಂಡರು. ಮೊದಲು ಅವರೂ ಹಠಮಾರಿ ಎಂದುಕೊಂಡು ಗದರಿದರಂತೆ. ಗದರಿದಷ್ಟೂ ಇವನು ಗೋಡೆಗೆ ಅಂಟಿಕೊಂಡ. ಕಡೆಗೆ ಮನೆಗೇ ಬಂದು, ಇವನು ಯಾರ ಜೊತೆಗಾದರೂ ಕೂಡಿ ಕೆಲಸ ಮಾಡಿದ್ದು ಉಂಟೋ ಎಂದು ಕೇಳಿದರು. ಕೊಂಡಿ ಕೂಡಿಸುತ್ತಾನೆ ಅಂದೆ.

ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸುವಾಗ ನಾನು ಈಚೆ, ಅವನು ಆಚೆ. ಬೇಸರವಿಲ್ಲದೆ ಒಂದೊಂದೇ ಎಳೆ ಕೊಡುತ್ತಾನೆ. ನೀನಾದರೆ ನಡುವೆ ಎದ್ದು ಓಡುತ್ತಿದ್ದೀ, ಮಹಾರಾಣಿ! ಮಾಸ್ತರರು ಕೂತು ನೋಡಿದರು. ಅವನ ತರಗತಿಯ ಕಳಕಪ್ಪ ನಮ್ಮ ಓಣಿಯ ನೇಕಾರರ ಹುಡುಗ. ಮಾಸ್ತರರು, ಕಳಕಪ್ಪನನ್ನು ಇವನ ಎದುರಿಗೆ ಕೂರಿಸಿ ನೋಡಿ, ಮನೆಯಲ್ಲಿ ಒಪ್ಪಿದರೆ ಶಾಲೆಯಲ್ಲೂ ಒಪ್ಪಿಯಾನು ಎಂದರು.

ನನಗೋ ಅವಸರ. ಮರುದಿನ ಸೆರಗು ಅರ್ಧ ಕೂಡಿಸಿದ್ದಾಗಲೇ ಎದ್ದು ನನ್ನ ಜಾಗದಲ್ಲಿ ಕಳಕಪ್ಪನನ್ನು ಕೂರಿಸಿದೆ. ಕೊಂಡಿಗೆ ಕೂತವರು ಆ ಸೆರಗು ಮುಗಿಯುವ ತನಕ ಬದಲಾಗಬಾರದು ಎಂಬುದು ನಮ್ಮ ಮನೆಯ ರೂಢಿ. ಅದನ್ನೇ ಮುರಿದೆ. ಅಂದಾನಿ ಕೂಡಿಸಿದ್ದನ್ನೆಲ್ಲ ಕಿತ್ತೆಸೆದು ಮಗ್ಗದ ಕೆಳಗೆ ಕಾಲಿಡುವ ಕುಣಿಗಿಳಿದು ಕೂತ. ನಿಮ್ಮಪ್ಪ ಕೈಯೆತ್ತಿದರು, ನಾನು ಅಡ್ಡ ಹೋದೆ, ಪೆಟ್ಟು ನನ್ನ ಭುಜಕ್ಕೆ ಬಿತ್ತು. ಬದುಕೇ ಸಾಕು ಅನಿಸಿತು ಸಾವಿತ್ರಿ. ಕುಣಿಯಲ್ಲಿ ಇಣುಕಿದರೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂಲೆಗೆ ಒತ್ತಿಕೊಂಡಿದ್ದ. ಅವನಿಗೆ ಬಂದದ್ದು ಸಿಟ್ಟಲ್ಲ, ಅಂಜಿಕೆ.

ಮುಂದಿನ ಸೀರೆಗೆ, ನಾಳೆ ನಿನ್ನ ಎದುರು ಕಳಕಪ್ಪ ಕೂರುತ್ತಾನೆ ಎಂದು ಹಿಂದಿನ ದಿನವೇ ಅವನಿಗೆ ಹೇಳಿದೆ. ಮೊದಲ ಎಳೆಯಿಂದಲೇ ಕಳಕಪ್ಪ ಕೂತ. ನಾನು ಅಂದಾನಿಯ ಕಣ್ಣಿಗೆ ಬೀಳುವಂತೆ ಜೋಳ ಹಸನು ಮಾಡುತ್ತ ಕೂತೆ. ಇವನ ಕೈಯಿಂದ ಅವನ ಕೈಗೆ ಹತ್ತಾರು ಎಳೆ ಹೋದವು. ಆಮೇಲೆ ಅಂದಾನಿ, "ಕಳಕಾ, ಇದನ್ ಹಿಡಿ" ಅಂದ. ಓರಗೆಯವರ ಜೊತೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೊರ ಕೆಳಗಿಟ್ಟು ಅತ್ತುಬಿಟ್ಟೆ.

ಈಗ ಶಾಲೆಯಲ್ಲಿ ಅವನಿಗೆ ಬಾಗಿಲ ಬಳಿ ಖಾಯಂ ಜಾಗ, ಪಕ್ಕದಲ್ಲಿ ಕಳಕಪ್ಪ. ಗಂಟೆ ಹೊಡೆಯುವ ಮೊದಲು ಮಾಸ್ತರರು ಹೇಳುತ್ತಾರೆ. ಇಬ್ಬರೂ ಕೂಡಿ ತರಗತಿಗೆ ನೀರಿನ ಕೊಡ ತರುತ್ತಾರೆ. ಮೊನ್ನೆ ಮಾಸ್ತರರು ಜ್ವರದಿಂದ ಮಲಗಿದಾಗ ಬೇರೆಯವರು ಜಾಗ ಬದಲಿಸಿದರು, ಮತ್ತೆ ಬಾಗಿಲ ಹಿಂದೆ ಹೋದ. ಎಲ್ಲ ಮೊದಲಿನಿಂದ. ದಣಿವಾಗುತ್ತದೆ, ಸುಳ್ಳೇಕೆ ಹೇಳಲಿ? ಹಾಗೆಂದಾಗ ಮಾಸ್ತರರು, "ಅವಂಗ ಹಠ ಇಲ್ಲಬೇ. ಅಂಜಿಕಿ ಹೋತಂದ್ರ ತಾನ ಕೈ ಕೂಡಸ್ತಾನ" ಎಂದರು. ಹೆಡ್‌ಮಾಸ್ತರರು ಸದ್ಯಕ್ಕೆ ಸುಮ್ಮನಿದ್ದಾರೆ.

ಆದ್ದರಿಂದ ನಾವು ಅಂದಾನಿಯೊಂದಿಗೇ ಬರುತ್ತೇವೆ, ಜನ ನೆರೆಯುವ ನಾಲ್ಕಾರು ದಿನ ಮೊದಲೇ. ನಿಮ್ಮ ಮನೆ, ಹಿತ್ತಲು, ನಿನ್ನ ಕೋಣೆ, ಎಲ್ಲ ನೋಡಿಕೊಳ್ಳಲಿ. ನಿನ್ನ ಅತ್ತೆ ಒಪ್ಪದಿದ್ದರೆ ಕುಬಸದ ಸೀರೆ ನಿಮ್ಮಪ್ಪನ ಕೈಯಲ್ಲಿ ಬರುತ್ತದೆ, ನಾನು ಇಲ್ಲೇ ಇರುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ.

ಭಾರ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನೂ ಕೂಸನ್ನೂ ಸುಖವಾಗಿ ಇಡಲಿ.

ಇತಿ ನಿನ್ನ ಅವ್ವ,
ಅಂಬವ್ವ

ತಾ.ಕ.: ನಿನ್ನ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀ: ಅಂದಾನಿ ಹೊಟ್ಟೆಯಲ್ಲಿದ್ದಾಗ ನೀ ಏನು ತಪ್ಪು ಮಾಡಿದಿ ಹೇಳು, ನಾನು ಅದನ್ನು ಮಾಡುವುದಿಲ್ಲ ಎಂದು. ಕೈ ಸೋತದ್ದು ಇದಕ್ಕೇ. ಓಣಿ ಕೇಳಿತು, ನಿಮ್ಮಪ್ಪ ಕೇಳಿದರು. ನೀನು ಕೇಳುವೆ ಎಂದುಕೊಂಡಿರಲಿಲ್ಲ. ನೀನೂ ಅಂಜಿದ್ದೀ, ಅದು ನನಗೆ ತಿಳಿಯುತ್ತದೆ. ನಾನು ಯಾವ ತಪ್ಪೂ ಮಾಡಲಿಲ್ಲ ಮಗಳೇ. ನೀನು ಹೊಟ್ಟೆಯಲ್ಲಿದ್ದಾಗ ಉಂಡದ್ದನ್ನೇ ಉಂಡೆ, ಮಾಡಿದ ಕೆಲಸವನ್ನೇ ಮಾಡಿದೆ. ನಿಮ್ಮಿಬ್ಬರನ್ನೂ ನಾನು ಒಂದೇ ಥರ ಹೊತ್ತೆ.