ಯಾರೂ ಔಟಾಗದ ಪಂದ್ಯ

ಫೆಬ್ರುವರಿ 3, ಸೋಮವಾರ. ಬೆಳಿಗ್ಗೆ 6.20

ಹಾಲು ತಂದೆ. ಇಬ್ರಾಹಿಂಪುರದ ಹಳಿಯ ಮೇಲೆ ಗೂಡ್ಸ್ ಗಾಡಿ. ಐವತ್ತೆಂಟು ಡಬ್ಬಿ, ಎಣಿಸಿದೆ. ನಿವೃತ್ತನಾಗಿ ಮೂರು ವರ್ಷವಾಯಿತು, ಚಟ ಹೋಗಿಲ್ಲ. ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತವನ ಕಣ್ಣು ಗಾಡಿ ಕಂಡರೆ ಸುಮ್ಮನಿರುವುದಿಲ್ಲ.

ಸಂಗುವಿನ ಮೆಸೇಜು. ಈ ವರ್ಷದ ಸ್ಪರ್ಧೆ ಮಾರ್ಚ್ ಒಂದಕ್ಕೆ ಶುರುವಂತೆ. 'ಫಾರ್ಮ್ಯಾಟ್ ಹೋದ ವರ್ಷದ್ದ ಇರ್ಲಿ ಕಾಕಾ, ನಾಕೌಟ್, ಸೋತವ ಔಟ್. ನೀವು ಟೈಮ್‌ಟೇಬಲ್ ಅಷ್ಟ ಹಾಕಿ ಕೊಡ್ರಿ.'

ಫೋನು ಮಗುಚಿಟ್ಟು ಹಾಲು ಕಾಯಲು ಇಟ್ಟೆ.

ಮಧ್ಯಾಹ್ನ 3.00

ಅದೇ ತಲೆಯಲ್ಲಿ. ಬರೆದು ನೋಡುತ್ತೇನೆ, ಬರೆದರೆ ತಿಳಿಯಾಗುತ್ತದೆ.

ಟೆಲಿಗ್ರಾಂನಲ್ಲಿ ನಮ್ಮ 'ವೇಷ ಬಳಗ'. ಕಟ್ಟಿದವನು ಸಂಗು, ಸೊಲ್ಲಾಪುರ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಫೋನ್ ರಿಪೇರಿಗೆ ಹೋದ ನನ್ನನ್ನು ಗ್ರೂಪಿಗೆ ಸೇರಿಸಿಕೊಂಡ. ಅಲ್ಲಿ ಆಡುವ ಬರಹದ ಆಟಕ್ಕೆ ರೋಲ್‌ಪ್ಲೇ ಎನ್ನುತ್ತಾರೆ. ಇಬ್ಬರು ಬರಹಗಾರರು, ಒಂದು ಸನ್ನಿವೇಶ. ಒಬ್ಬ ಕಂಡಕ್ಟರ್, ಇನ್ನೊಬ್ಬ ಚಿಲ್ಲರೆ ಇಲ್ಲದ ಮುದುಕ ಎಂದುಕೊಳ್ಳಿ. ತನ್ನ ಪಾತ್ರದ ಮಾತು, ನಡೆ ತಾನು ಬರೆಯಬೇಕು. ಒಬ್ಬೊಬ್ಬರಿಗೆ ಹತ್ತು ಸರದಿ. ಮೂವರು ತೀರ್ಪುಗಾರರು. ನಾನು ಬರೆಯುವವನಲ್ಲ. ಹೋದ ವರ್ಷ ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ.

ಮೊದಲ ಸುತ್ತಿನಲ್ಲೇ ಟಿಕೋಟಾದ ಹೊಳೆವ್ವಳಿಗೆ ಸಂಗು ಎದುರಾದ. ಅವನು ಆಸ್ಪತ್ರೆಯ ಕಂಪೌಂಡರ್, ಅವಳು ಗಂಡನ ರಿಪೋರ್ಟಿಗೆ ಕಾಯುವ ಹೆಂಗಸು. ನಾಲ್ಕನೇ ಸರದಿಯಲ್ಲಿ ಸಂಗು ಬರೆದ — 'ಅಷ್ಟರಲ್ಲಿ ಆಕೆ ಮೂರ್ಛೆ ಹೋದಳು.' ಮುಗಿಯಿತು. ಅವಳಿಗೆ ಬರೆಯಲು ಏನೂ ಉಳಿಯಲಿಲ್ಲ. ಉಳಿದ ಇಬ್ಬರು ತೀರ್ಪುಗಾರರಲ್ಲಿ ಒಬ್ಬರು ಅವನ ಕಡೆ, ಒಬ್ಬರು ಅವಳ ಕಡೆ. ನನ್ನ ಅಂಕ ಸಂಗುವಿಗೆ. ಜೋರಾಗಿ ಬರೆದಿದ್ದ ಎನಿಸಿತ್ತು.

ಮರುದಿನ ಬೆಳಿಗ್ಗೆ ಹೊಳೆವ್ವ ಗ್ರೂಪು ಬಿಟ್ಟಳು. ಸಂಗು ಚಾಂಪಿಯನ್ ಆದ.

ನಾನು ಕೊಟ್ಟ ಅಂಕ ತಪ್ಪಾಗಿತ್ತು. ಆಗಲೇ ಗೊತ್ತಿತ್ತೇನೋ...

ಫೆಬ್ರುವರಿ 5, ಬುಧವಾರ

ಸಂಗುವಿನ ಅಂಗಡಿಗೆ ಹೋದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಫೋನು ಬಿಚ್ಚುತ್ತಿದ್ದ.

'ನಾಕೌಟ್ ಬ್ಯಾಡೋ' ಎಂದೆ. 'ಎಲ್ಲಾರೂ ಐದೂ ಸುತ್ತು ಬರೀಲಿ. ಗೆದ್ದ, ಸೋತ ಅನ್ನೂದು ಬ್ಯಾಡ, ಅಂಕ ಅಷ್ಟ. ಒಂದ ಸನ್ನಿವೇಶಕ್ಕ ಇಬ್ಬರಿಗೂ ಬ್ಯಾರೆ ಬ್ಯಾರೆ ಅಂಕ. ಪ್ರತಿ ಸುತ್ತಿನ್ಯಾಗೂ ಹತ್ತಿರ ಹತ್ತಿರ ಅಂಕ ಇದ್ದವರನ್ನ ಜೋಡಿ ಮಾಡೂದು.'

'ಔಟ್ ಆಗೂ ಅಂಜಿಕಿ ಇಲ್ಲಂದ್ರ ಯಾರ ಓದ್ತಾರ ಕಾಕಾ? ಕುಸ್ತಿ ಯಾಕ ನೋಡ್ತಾರ ಮಂದಿ?'

'ಇದು ಕುಸ್ತಿ ಅಲ್ಲ. ಎದುರಿನವ ಬಿದ್ದರ ಕತಿನೂ ಬೀಳ್ತೈತಿ.'

ಸಂಗು ಗಾಜು ತೆಗೆದು ನನ್ನನ್ನು ನೋಡಿದ. ಅವನಿಗೆ ಹೊಳೆವ್ವ ನೆನಪಾದಳು ಎಂದು ತಿಳಿಯಿತು.

'ವೋಟಿಗೆ ಹಾಕೂಣು' ಎಂದ.

ಮನೆಗೆ ಬಂದು ಲೆಕ್ಕ ಹಾಕಿದೆ. ಹದಿನಾರು ಜನ. ನಾಕೌಟ್ ಆದರೆ ಹದಿನೈದು ಸನ್ನಿವೇಶ, ಮೊದಲ ದಿನವೇ ಎಂಟು ಜನ ಹೊರಗೆ. ಎಲ್ಲರಿಗೂ ಎಲ್ಲರೂ ಎದುರಾಗಬೇಕೆಂದರೆ ನೂರಾ ಇಪ್ಪತ್ತು — ಯಾರು ಓದಬೇಕು. ಐದು ಸುತ್ತಾದರೆ ನಲವತ್ತು. ಇದು ಸರಿ.

ಫೆಬ್ರುವರಿ 9, ಭಾನುವಾರ

ಬಬಲೇಶ್ವರ. 9.15ರ ಬಸ್ಸು. ನಿಜಾಮುದ್ದೀನ ಮಾಸ್ತರರ ಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ಬಳಗದ ಅಂಕಪಟ್ಟಿ ಇಡುವವರೂ ಅವರೇ. ಅವರ ಮಾತಿಗೆ ಬಳಗದಲ್ಲಿ ತೂಕವಿದೆ.

ನನ್ನ ಹಾಳೆಯನ್ನು ಹತ್ತು ನಿಮಿಷ ಓದಿದರು. ಚಹಾ ಆರಿತು.

'ನಾಕೌಟ್‌ನ್ಯಾಗ ಒಂದನೇದವ ಯಾರಂತ ಗೊತ್ತಾಗ್ತೈತ್ರಿ. ಎರಡನೇದವ ಯಾರು, ಹತ್ತನೇದವ ಯಾರು, ಏನೂ ಗೊತ್ತಾಗಂಗಿಲ್ಲ' ಎಂದರು. 'ನಿಮ್ಮದು ಚೊಲೋ ಐತಿ. ಆದ್ರ ಇಬ್ಬರದು ಅಂಕ ಸಮ ಬಂದ್ರ?'

ಅದನ್ನು ಬಸ್ಸಿನಲ್ಲೇ ಯೋಚಿಸಿದ್ದೆ. ಪ್ರತಿ ಸುತ್ತು ಮುಗಿದ ಕೂಡಲೆ, ತೀರ್ಪು ಬರುವ ಮೊದಲು, ಜೊತೆಗೆ ಬರೆದವನೇ ತನ್ನ ಜೊತೆಗಾರನಿಗೆ ಹತ್ತರಲ್ಲಿ ಅಂಕ ಕೊಡಬೇಕು. ನನ್ನ ಪಾತ್ರ ಬದುಕಲು ಇವನು ಎಷ್ಟು ಜಾಗ ಕೊಟ್ಟ, ಅಷ್ಟಕ್ಕೆ. ಅದು ಗುಟ್ಟಾಗಿ ಮಾಸ್ತರರಿಗೆ ಹೋಗಬೇಕು. ಸಮ ಬಂದರೆ ಮಾತ್ರ ತೆರೆಯುವುದು.

ಮಾಸ್ತರರು ನಕ್ಕರು. 'ಎದುರಾಳಿಗಿ ಯಾರ ಕೊಡ್ತಾರ್ರಿ? ಎಲ್ಲಾರೂ ಸೊನ್ನಿ ಬರದ ಕಳಸ್ತಾರ.'

'ಕೊಡ್ತಾರ್ರಿ' ಎಂದೆ. ಎದೆ ಅಷ್ಟು ಗಟ್ಟಿಯಿರಲಿಲ್ಲ.

ಫೆಬ್ರುವರಿ 12, ಬುಧವಾರ. ಸಂಜೆ 5.00

ವೋಟು ಮುಗಿಯಿತು. ಹೊಳೆವ್ವ ಇಲ್ಲದ್ದರಿಂದ ಹದಿನೈದೇ ಜನ. ನಾಕೌಟಿಗೆ ಏಳು. ಐದು ಸುತ್ತಿಗೆ ಎಂಟು.

ಒಂದೇ ವೋಟಿನ ಅಂತರ. ಸಾಕು.

ಸಂಗುವಿನ ಫೋನು. ದನಿಯಲ್ಲಿ ಸಿಟ್ಟಿಲ್ಲ, ಸವಾಲಿದೆ. 'ಆತ್ರಿ ಕಾಕಾ. ಆದ್ರ ಹದಿನಾರನೇದಾಕಿನ ನೀವ ಕರಕೊಂಡ ಬರಬೇಕು.'

ಫೆಬ್ರುವರಿ 16, ಭಾನುವಾರ

ಟಿಕೋಟಾ. ಊರಾಚೆ ಮಣೂಕದ ಶೆಡ್ಡು. ಒಣಗಿದ ದ್ರಾಕ್ಷಿಯನ್ನು ಹೆಂಗಸರು ಸಾಲಾಗಿ ಕೂತು ಆರಿಸುತ್ತಿದ್ದರು. ಸಿಹಿ ವಾಸನೆ, ನೊಣ. ಕೇಳಿದಾಗ ತೋರಿಸಿದರು, ಹೊಳೆವ್ವ ಸಾಲಿನ ಕೊನೆಯವಳು. ಮನೆಯಲ್ಲಿ ಕುರಿ ಇವೆ, ಅವನ್ನು ಗಂಡ ನೋಡುತ್ತಾನೆ. ಸೀಜನ್ನಿನಲ್ಲಿ ಇವಳು ಇಲ್ಲಿ. ವಯಸ್ಸು ನಲವತ್ತರ ಹತ್ತಿರ. ಮುಖ ನೋಡಿದ್ದು ಇದೇ ಮೊದಲು.

ನನ್ನ ಹೆಸರು ಹೇಳಿದೆ. ಎದ್ದು ನಿಂತಳು. ಹೊರಗೆ ತಗಡಿನ ನೆರಳಿಗೆ ಬಂದೆವು.

'ಹೋದ ವರ್ಷ ನಿನಗ ಬೀಳಬೇಕಾದ ಅಂಕ ನಾ ಸಂಗೂಗ ಕೊಟ್ಟೆ. ತಪ್ಪಾತು' ಎಂದೆ. ಬಸ್ಸಿನಲ್ಲಿ ಇನ್ನೂ ಏನೇನೋ ಸಿದ್ಧ ಮಾಡಿಕೊಂಡಿದ್ದೆ. ಅಷ್ಟೇ ಬಾಯಿಗೆ ಬಂತು.

'ನಾ ಸೋತದ್ದಕ್ಕ ಹೋಗಲಿಲ್ರಿ ಕಾಕಾ' ಎಂದಳು. 'ಅಕಿ ನನ್ನ ಪಾತ್ರದ ಹೆಣ್ಮಗಳು, ರಿಪೋರ್ಟಿಗೆ ಕುಂತಾಕಿ. ಅಕಿ ಏನ್ ಕೇಳತಾಳ, ಹೆಂಗ ಕೇಳತಾಳ, ಎಲ್ಲಾ ಮನಸಿನ್ಯಾಗಿತ್ತು. ಒಂದ ಸಾಲಿನ್ಯಾಗ ಮೂರ್ಛೆ ಹಾಕಿಬಿಟ್ಟ. ಮೂರ್ಛೆ ಹೋದಾಕಿ ಏನ್ ಬರೀಬೇಕ್ರಿ?'

ಹೊಸ ನಿಯಮ ಹೇಳಿದೆ. ಎದುರಿನ ಪಾತ್ರಕ್ಕೆ ಏನಾಯಿತು ಎಂದು ಯಾರೂ ಬರೆಯುವಂತಿಲ್ಲ. ಬರೆದರೆ ಐದು ಅಂಕ ಕಡಿತ. ಒಂದು ಸುತ್ತಿಗೆ ಪೂರ್ತಿ ನಾಲ್ಕು ದಿನ, ಯಾವ ಹೊತ್ತಿಗೆ ಬರೆದರೂ ಸರಿ. ಅವಳಿಗೆ ಮಧ್ಯಾಹ್ನದ ಊಟದ ಬಿಡುವು ಮಾತ್ರ ಸಿಗುವುದು.

'ಮೊದಲನೇದ್ರಾಗ ಕೆಟ್ಟ ಬರದ್ರೂ ಐದೂ ಸುತ್ತು ಇರ್ತೇನೇನ್ರಿ?'

'ಇರ್ತಿ.'

ಕೈಯೊಳಗಿನ ಮಣೂಕದ ಕಡ್ಡಿ ತೆಗೆದು, ಹಣ್ಣು ನನಗೆ ಕೊಟ್ಟಳು.

'ಬರ್ತೇನ್ರಿ ಹಂಗಾರ.'

ಮಾರ್ಚ್ 5, ಬುಧವಾರ

ಮೊದಲ ಸುತ್ತಿನ ಅಂಕ. ತಲಾ ಮೂವತ್ತಕ್ಕೆ. ಸಂಗು 26. ಹೊಳೆವ್ವ 17, ಹದಿನಾಲ್ಕನೇ ಸ್ಥಾನ. ತೊದಲಿ ತೊದಲಿ ಬರೆದಿದ್ದಾಳೆ, ಎರಡು ಸರದಿ ಒಂದೊಂದೇ ಸಾಲು. ಅಂಜಿದವರ ಬರಹ.

ಸಂಗುವಿನ ಮೆಸೇಜು — 'ನಾಕೌಟ್ ಇದ್ದಿದ್ರ ಇವತ್ತ ಮುಗೀತಿತ್ತು ಕಾಕಾ. ಅಕಿಗೂ ತ್ರಾಸ ಇರ್ತಿದ್ದಿಲ್ಲ.'

ಈ ಸಲ ನಾನು ತೀರ್ಪುಗಾರನಲ್ಲ, ಬರೀ ಟೈಮ್‌ಕೀಪರ್. ಮಾಡುವುದಕ್ಕೆ ಏನೂ ಇಲ್ಲ. ಊಟ ಸೇರಲಿಲ್ಲ. ಹೆಂಡತಿ ಕಾಶಿಬಾಯಿ ಕೇಳಿದಳು, 'ಯಾರರ ಸತ್ತಾರೇನ್ರಿ?' ಇಲ್ಲ ಎಂದೆ. 'ಹಂಗಾರ ಉಣ್ರಿ.'

ಮಾರ್ಚ್ 9, ಭಾನುವಾರ

ಹೊಳೆವ್ವ 25!

ಮುದಿ ದರ್ಜಿಯ ಪಾತ್ರ. ಎದುರಿಗೆ ಬರೆದವನು ಇಂಡಿ ಊರಿನ ಹುಡುಗ, ಮದುಮಗನ ಪಾತ್ರ. ಅಳತೆ ತೆಗೆಯುತ್ತ ತೆಗೆಯುತ್ತ ಅವನ ಮದುವೆಯ ಭಯವನ್ನೆಲ್ಲ ಹೊರಗೆ ತೆಗೆಸಿದಳು. ಆ ಹುಡುಗನಿಗೂ 24. ಮೊದಲ ಸುತ್ತಿನಲ್ಲಿ ಅವನಿಗೆ ಬಂದದ್ದು 16.

ಇದೇ. ಇದನ್ನೇ ನಾನು ಹೇಳುತ್ತಿದ್ದುದು.

ಮಾರ್ಚ್ 13, ಗುರುವಾರ

ಮೂರನೇ ಸುತ್ತು, ಹೊಳೆವ್ವ 27. ನಿದ್ದೆ ಚೆನ್ನಾಗಿ ಬಂತು.

ಮಾರ್ಚ್ 17, ಸೋಮವಾರ

ನಾಲ್ಕನೇ ಸುತ್ತು, ಹೊಳೆವ್ವ 28. ಒಟ್ಟು 97. ಎರಡನೇ ಸ್ಥಾನ. ಸಂಗು 100, ಮೊದಲನೆಯವನು. ನಿಯಮದ ಪ್ರಕಾರ ಕೊನೆಯ ಸುತ್ತಿಗೆ ಇವರಿಬ್ಬರೂ ಜೋಡಿ.

ಗ್ರೂಪಿನಲ್ಲಿ ಓದುವವರು ಮುನ್ನೂರು ದಾಟಿದ್ದಾರೆ. ಹದಿನಾಲ್ಕನೆಯವಳು ಎರಡಕ್ಕೆ ಬಂದದ್ದನ್ನು ಎಲ್ಲರೂ ಹಿಂಬಾಲಿಸುತ್ತಿದ್ದಾರೆ. ಓದುಗರ ಬಗ್ಗೆ ಸಂಗು ಒಂದು ಮಾತೂ ಆಡಿಲ್ಲ. ನಾನೂ ಕೆದಕಲಿಲ್ಲ.

ಸನ್ನಿವೇಶದ ಚೀಟಿ ಮಾಸ್ತರರು ಎತ್ತಿದರು. ದಾರಿಯಲ್ಲಿ ಕೆಟ್ಟು ನಿಂತ ಬಸ್ಸು. ಚಾಲಕ — ಸಂಗು. ಮೊದಲ ಸಲ ಒಬ್ಬಳೇ ಊರು ಬಿಟ್ಟ ಹೆಂಗಸು — ಹೊಳೆವ್ವ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 2.10

ಈಗ ಮುಗಿಯಿತು. ಮೂರು ಸಲ ಓದಿದೆ.

ಸಂಗುವಿನ ಚಾಲಕ ಮೊದಲ ಐದು ಸರದಿ ಬರೀ ಜಂಬ. ಇಂಜಿನ್ನಿಗೆ ಬೈದ, ಡಿಪೋಗೆ ಬೈದ. ಹೊಳೆವ್ವಳ ಹೆಂಗಸು ಬ್ಯಾಟರಿ ದೀಪ ಹಿಡಿದು ನಿಂತಳು. ಆರನೆಯದರಲ್ಲಿ ಒಂದೇ ಪ್ರಶ್ನೆ —

'ಬ್ಯಾಟ್ರಿ ನಿಮ್ಮ ಕೈಗೆ ಅಷ್ಟ ಹತ್ರ ಹಿಡಿ ಅಂತೀರಿ. ನಿಮಗ ಸರೀಗಿ ಕಾಣತೈತೇನಣ್ಣಾ?'

ಆಮೇಲೆ ಸಂಗು ಬರೆದದ್ದು ಸಂಗು ಬರೆದ ಹಾಗಿಲ್ಲ. ಚಾಲಕ ಬಾನೆಟ್ ಮುಚ್ಚಿ ಕೂತ. ಎರಡು ವರ್ಷದಿಂದ ಸಂಜೆಯಾದರೆ ಕಣ್ಣು ಮಂಜು. ಯಾರಿಗೂ ಹೇಳಿಲ್ಲ. ಇವತ್ತು ಗಾಡಿ ಕೆಟ್ಟದ್ದಲ್ಲ, ತಾನೇ ನಿಲ್ಲಿಸಿದ್ದು, ಮುಂದೆ ಹೊಳೆಯ ಸೇತುವೆ ಇದೆ. ಆ ಹೆಂಗಸು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. 'ಬೆಳಕ ಹರಿಯೂತನಕ ಕುಂದ್ರೂಣು, ನನಗೇನೂ ಅವಸರ ಇಲ್ಲ' ಎಂದಳು. ಅವಸರ ಇತ್ತು, ನಮಗೆ ಓದುವವರಿಗೆ ಅದು ಗೊತ್ತು.

ಮೂವತ್ತೊಂದು ವರ್ಷ ನಾನು ಚಾಲಕರನ್ನು ಕಿಟಕಿಯಿಂದ ನೋಡಿದವನು. ಸಹಿ ಹಾಕಿಸಿಕೊಂಡು ಗಾಡಿ ಬಿಟ್ಟವನು. ಯಾರನ್ನೂ ಹೀಗೆ ಕೇಳಿರಲಿಲ್ಲ.

ಕನ್ನಡಕ ಒರೆಸಿಕೊಂಡೆ.

ಮಾರ್ಚ್ 23, ಭಾನುವಾರ. ಸಂಜೆ 6.30

ಸಂಗುವಿನ ಅಂಗಡಿಯಲ್ಲಿ ಫಲಿತಾಂಶ. ಮಾಸ್ತರರು ಬಬಲೇಶ್ವರದಿಂದ ಬಂದಿದ್ದರು. ಹೊಳೆವ್ವ ಫೋನಿನಲ್ಲಿ.

ಐದನೇ ಸುತ್ತು — ಸಂಗು 26, ಹೊಳೆವ್ವ 29. ಮಾಸ್ತರರು ಕೂಡಿದರು. ಮತ್ತೊಮ್ಮೆ ಕೂಡಿದರು.

126. 126.

ಗುಟ್ಟಿನ ಅಂಕ ತೆರೆಯಬೇಕು. ಅಲ್ಲಿ ಸೊನ್ನೆಗಳಿದ್ದರೆ ನನ್ನ ನಿಯಮಕ್ಕೂ ಸೊನ್ನೆ.

ಸೊನ್ನೆ ಇರಲಿಲ್ಲ. ಹದಿನಾರು ಜನ ಐದು ಸುತ್ತಿನಲ್ಲಿ ಬರೆದು ಕಳಿಸಿದ ಎಂಬತ್ತು ಅಂಕಗಳಲ್ಲಿ ಐದಕ್ಕಿಂತ ಕಡಿಮೆ ಕೊಟ್ಟವರು ಇಬ್ಬರೇ.

ಮೊದಲ ನಾಲ್ಕು ಸುತ್ತಿನ ಜೊತೆಗಾರರು ಸಂಗುವಿಗೆ ಕೊಟ್ಟದ್ದು 37, ಹೊಳೆವ್ವಳಿಗೆ 36. ಕೊನೆಯದು — ಹೊಳೆವ್ವ ಸಂಗುವಿಗೆ 8. ಅಲ್ಲಿಗೆ ಅವನದು 45.

ಮಾಸ್ತರರು ಸಂಗುವಿನ ಮುಖ ನೋಡಿದರು. ಅವನು ಟೇಬಲ್ಲಿನ ಸ್ಕ್ರೂ ನೋಡುತ್ತಿದ್ದ.

'ಸಂಗು ಹೊಳೆವ್ವಗ ಕೊಟ್ಟಿದ್ದು... ಹತ್ತು.'

46. ಒಂದು ಅಂಕ. ಹೊಳೆವ್ವ ಚಾಂಪಿಯನ್.

'ಗೊತ್ತಿದ್ದ ಕೊಟ್ಟಿಯೇನೋ?' ಎಂದು ಕೇಳಿದೆ.

'ಅಂಕ ಸಮ ಬರತೈತಂತ ಯಾರಿಗೆ ಗೊತ್ತಿತ್ರಿ ಕಾಕಾ' ಎಂದ. ಸ್ಕ್ರೂ ಡಬ್ಬಿಗೆ ಹಾಕಿದ. 'ಗೊತ್ತಿದ್ದ್ರೂ... ಅಂಥಾದ್ದು ನಾ ಹಿಂದ ಎಂದೂ ಬರದಿದ್ದಿಲ್ಲ. ಅಕಿ ಕೇಳಿದ್ಲು, ಬಂತು. ಹತ್ತ ಕೊಡದ ಏನ್ ಕೊಡ್ಲಿ?'

ಆಗ ಫೋನಿನಲ್ಲಿ ಹೊಳೆವ್ವಳ ದನಿ. ಹಿಂದೆ ಕುರಿಗಳ ಸದ್ದು. 'ಸಂಗಣ್ಣಗ ಹೇಳ್ರಿ ಕಾಕಾ, ಮುಂದಿನ ವರ್ಷ ಅವನ ಪಾತ್ರಕ್ಕ ನಾ ಮೂರ್ಛೆ ಹಾಕ್ತೇನಿ. ಐದ ಅಂಕ ಹೋದ್ರ ಹೋಗ್ಲಿ.'

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ಸಂಗು.

ಸಿದ್ಧೇಶ್ವರ ಗುಡಿಯ ಕಡೆಯಿಂದ ನಡೆದೇ ಮನೆಗೆ ಬಂದೆ. ಆಟೋ ಬೇಡವೆನಿಸಿತು. ಪೇಢೆ ತಂದೆ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10.40

ಮುಂದಿನ ಸ್ಪರ್ಧೆಗೆ ಹೆಸರು ಕರೆದು ಮೂರೇ ದಿನ. ನಲವತ್ತೊಂದು ಬಂದಿವೆ. ಹಳೆಯ ಹದಿನಾರರಲ್ಲಿ ಒಬ್ಬರೂ ಬಿಟ್ಟಿಲ್ಲ. ಫಾರ್ಮ್ಯಾಟ್ ಬಗ್ಗೆ ಈ ಸಲ ವೋಟು ಬೇಡ ಎಂದು ಬರೆದವನು ಸಂಗು.

ಹಾಳೆ ಹರಡಿ ಕೂತೆ. ನಲವತ್ತೊಂದು ಬೆಸ ಸಂಖ್ಯೆ. ಪ್ರತಿ ಸುತ್ತಿನಲ್ಲೂ ಒಬ್ಬರಿಗೆ ಜೋಡಿ ಇರುವುದಿಲ್ಲ. ಇದಕ್ಕೆ ಏನು ಮಾಡಬೇಕೋ...

ಕಾಶಿಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. 'ಒಬ್ಬರ ಕಡಿಮಿ ಬಿದ್ದಾರೇನ್ರಿ?'

ಹೌದು ಎಂದೆ.

ಹಿಟ್ಟಿನ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಮೂವತ್ತಾರು ವರ್ಷದಲ್ಲಿ ನನ್ನ ಟೈಮ್‌ಟೇಬಲ್ಲಿನ ಕಡೆ ತಿರುಗಿ ನೋಡಿದವಳಲ್ಲ.

'ನನ್ನ ಹೆಸರ ಹಾಕ್ರಿ. ಆದ್ರ ಕಾಶಿಬಾಯಿ ಅಂತ ಬ್ಯಾಡ.'

ಮತ್ತೇನಂತ ಬರೆಯಲಿ ಎಂದು ಕೇಳಿದೆ. ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳು ನಲವತ್ತೆರಡನೇ ಹೆಸರನ್ನು ತಾನೇ ಬರೆದಳು.