ಮದುಮಗಳಿಗೆಂದು ಬಿಟ್ಟ ಬ್ರೆಡ್ ಚೀಲ

ಬಾರೈರೊ
ಮೇ ೧೪, ೨೦೧೮

ನನ್ನ ಜೆಫೆರಿನೊ,

ನೀನೂ ಇವೋನೆಯೂ ಕ್ಷೇಮವೆಂದು ನಂಬಿದ್ದೇನೆ. ಅವಳ ಮೊಣಕಾಲು ಹೇಗಿದೆ? ಲಕ್ಸೆಂಬರ್ಗಿನ ಚಳಿಗೆ ಮುಲಾಮು ಹಚ್ಚಿ ಏನೂ ಪ್ರಯೋಜನವಿಲ್ಲ, ಇಲ್ಲಿಯ ಬಿಸಿಲಿಗೆ ಕಾಲು ಚಾಚಿ ಕೂರಿಸಬೇಕು. ಪತ್ರ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು.

ಹೋಟೆಲು ನೋಡಿದ್ದೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲವಾದರೆ ಎಲ್ಲೆಲ್ಲೋ ಹೋಗುತ್ತೇನೆ. ಸಂತ ಅಂತೋನಿಯೊ ಹಬ್ಬಕ್ಕೆ ನಾಲ್ಕು ದಿನ ಲಿಸ್ಬನ್ನಿಗೆ ಬರುತ್ತೇವೆ, ಉಳಿಯಲು ಒಂದು ಸಣ್ಣ ಹೋಟೆಲು ಹುಡುಕು, ಕೈಗೆಟುಕಬೇಕು, ಊರ ನಡುವೆ ಇರಬೇಕು, ಇವೋನೆ ಗುಡ್ಡ ಹತ್ತುವಂತಿರಬಾರದು ಎಂದು ಬರೆದಿದ್ದೆಯಲ್ಲ. ಮುಂಚೆಯಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ, ನಿನ್ನಕ್ಕನ ಮನೆಯಿತ್ತು. ಈಗ ನಾನಿರುವುದು ನದಿಯಾಚೆ, ತಮ್ಮನ ಮಗಳು ಲುರ್ದೆಸಳ ಮನೆಯ ಒಂದು ಕೋಣೆಯಲ್ಲಿ. ನಾನು ಒಳಗೆ ಮಲಗಿದರೆ ನನ್ನ ಬೂಟು ಹೊರಗೆ ಮಲಗಬೇಕು, ಅಷ್ಟು ಜಾಗ.

ಲುರ್ದೆಸ್ ನಕ್ಕಳು. "ದೊಡ್ಡಪ್ಪ, ಫೋನಲ್ಲಿ ಫೋಟೋ ನೋಡಿ ಬುಕ್ ಮಾಡಿದ್ರೆ ಆಯ್ತು. ಇದಕ್ಕೂ ದೋಣಿ ಹತ್ಬೇಕಾ?"

"ಫೋಟೋದಲ್ಲಿ ಕಿಟಕಿ ಕಾಣತ್ತಮ್ಮ. ಕಿಟಕಿಯಾಚೆ ಇರೋ ಗೋಡೆ ಕಾಣತ್ತಾ?" ಎಂದೆ.

ನನ್ನ ಮಾತೇ ನಿಜವಾಯಿತು. ರೈಲು ನಿಲ್ದಾಣದ ಹತ್ತಿರದ ಮೊದಲನೆಯದರಲ್ಲಿ ಕಿಟಕಿ ತೆರೆದರೆ ಎದುರು ಮನೆಯ ಮೀನಿನ ಬಾಣಲೆ. ಎರಡನೆಯದು ಊರ ನಡುವೆ ಇರುವುದು ನಿಜ, ಪಾರಿವಾಳಕ್ಕೆ. ಮನುಷ್ಯನಾದರೆ ಗುಡ್ಡದ ನೆತ್ತಿಗೆ ಏರಬೇಕು. ಇವೋನೆಯನ್ನು ಹೊತ್ತುಕೊಂಡು ಹೋಗುವ ವಯಸ್ಸು ನಿನ್ನದಲ್ಲ. ನಾನು ಹಾಸಿಗೆಯ ಮೇಲೆ ಕೂತು ಕುಪ್ಪಳಿಸಿ ನೋಡುವುದನ್ನು ಕಂಡು ಅಲ್ಲಿಯ ಯಜಮಾನನೇ ಹೇಳಿದ: "ಅಜ್ಜ, ನಿಮ್ಮ ಬೇಡಿಕೆಗೆಲ್ಲ ಹೊಂದೋದು ಒಂದೇ. ಮೌರಾರಿಯಾದಲ್ಲಿ ಹೊಸದಾಗಿ ಶುರುವಾಗಿದೆ, ಅಜ್ಜಿಮನೆ ಥರ ಇದೆ ಅಂತಾರೆ. ಹೆಸರು ಮಾಡ್ಕೊಳ್ಳೋವರೆಗೂ ಅಗ್ಗ."

ಅವನು ಹೇಳಿದ್ದು ನಮ್ಮ ಬೀದಿ, ಜೆಫೆರಿನೊ. ಎರಡು ವರ್ಷದಿಂದ ನಾನು ಕಾಲಿಡದ ಬೀದಿ.

ಯಾಕೆ ಕಾಲಿಟ್ಟಿರಲಿಲ್ಲವೆಂದು ನಿನಗೆ ಗೊತ್ತು. ಮನೆಯ ಒಡೆಯ ವಲದಾರೆಸ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದು, "ಮಗ ದುವಾರ್ತೆಗೆ ಮದುವೆ ಗೊತ್ತಾಗಿದೆ ಸೆನ್ಯೋರ್ ಅಮಾದೇವು, ಹುಡುಗ ಹುಡುಗಿಗೆ ಒಂದು ಗೂಡು ಬೇಡವೇ?" ಎಂದು ಕಣ್ಣು ಒರೆಸಿಕೊಂಡಿದ್ದ. ಮಗನಿಗಾಗಿ ಒಡೆಯ ಕೇಳಿದರೆ ಬಾಡಿಗೆಯವನು ಬಿಡಲೇಬೇಕು, ಕಾನೂನೇ ಹಾಗಿದೆ. ಆದರೆ ನಾನು ಕಾನೂನಿಗೆ ಬಿಡಲಿಲ್ಲ, ಸಂತೋಷದಿಂದ ಬಿಟ್ಟೆ. ಹೊಸ ಸಂಸಾರಕ್ಕೆ ಬರಿ ಮನೆ ಕೊಡಬಾರದೆಂದು ಊಟದ ಮೇಜು ಬಿಟ್ಟೆ, ಪರದೆ ಬಿಟ್ಟೆ. ಕಿಟಕಿಯಲ್ಲಿ ಸಂತ ಅಂತೋನಿಯೊ ಹಬ್ಬದ ತುಳಸಿ ಕುಂಡ ಇಟ್ಟೆ. ಬಾಗಿಲ ಹಿಡಿಗೆ ನಿನ್ನಕ್ಕ ದಿಯೋಲಿಂದ ಕಸೂತಿ ಹಾಕಿದ ಬ್ರೆಡ್ ಚೀಲವನ್ನು ತೂಗುಹಾಕಿದೆ. ಮೊದಲ ಬೆಳಿಗ್ಗೆಯೇ ಮದುಮಗಳಿಗೆ ಬಿಸಿ ಬ್ರೆಡ್ಡು ಸಿಗಲಿ, ಚೀಲವಿಲ್ಲವೆಂದು ಬೇಕರಿಯವನು ದಾಟಿಹೋಗದಿರಲಿ ಎಂದು. ಆಮೇಲೆ ಹೊಸಬರ ಬಾಗಿಲಲ್ಲಿ ಹಳೆಯ ಮುದುಕ ಸುಳಿಯಬಾರದೆಂದು ಆ ಕಡೆ ತಲೆ ಹಾಕಲಿಲ್ಲ.

ಅಲ್ಲಿಗೆ ಹೋದರೆ, ನಮ್ಮದೇ ಕಟ್ಟಡದ ಬಾಗಿಲಲ್ಲಿ ಹೋಟೆಲಿನ ಹಿತ್ತಾಳೆ ಫಲಕ. ಹೋಟೆಲು ಕೆಳಗಿನ ಮಹಡಿಯಲ್ಲಿರಬೇಕು, ಮೇಲೆ ದುವಾರ್ತೆಯ ಸಂಸಾರವಿದೆ, ಸದ್ದು ಮಾಡದೆ ನೋಡಿಕೊಂಡು ಹೋಗೋಣವೆಂದುಕೊಂಡೆ. ಒಳಗೆ ಲಿಫ್ಟು! ನಿನ್ನಕ್ಕ ಕಾಯಿಲೆಯಲ್ಲಿ ಮೆಟ್ಟಿಲು ಹತ್ತಲಾರದೆ ಕೂತಾಗ ನಾವು ಬೇಡಿ ಬೇಡಿ ಸಿಗದ ಲಿಫ್ಟು. ಅದು ನನ್ನನ್ನು ಎತ್ತಿಕೊಂಡು ಹೋಗಿ ಮೂರನೇ ಮಹಡಿಯಲ್ಲಿ ಬಿಟ್ಟಿತು. ನನ್ನ ಬಾಗಿಲು ಹಾರುಹೊಡೆದಿತ್ತು. ನನ್ನ ಕೋಟು ನೇತುಹಾಕುತ್ತಿದ್ದ ಜಾಗದಲ್ಲಿ ಒಂದು ಮೇಜು, ಮೇಜಿನ ಹಿಂದೆ ಹೊಂಗೂದಲ ಹುಡುಗಿ. ಇಲ್ಜೆ ಅಂತೆ, ಲಾಟ್ವಿಯಾದವಳು. ನಮ್ಮ ಭಾಷೆ ಬಾರದು.

ವಾಣಿಜ್ಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ವ್ಯವಹಾರದ ಪತ್ರದ ಮೊದಲ ಸಾಲೊಂದೇ ನನ್ನ ನಾಲಿಗೆಯಲ್ಲಿ ಉಳಿದಿರುವುದು, ಕೇಳಿದರೆ ಮಾತ್ರ ಅರ್ಥವಾಗುತ್ತದೆ. "ಐ ಬೆಗ್ ಟು ಎನ್‌ಕ್ವೈರ್, ಮಿಸ್," ಎಂದೆ. ಮುಂದಿನದು ತೋಚಲಿಲ್ಲ. ಬಾಯಿಗೆ ಬಂದದ್ದು: "ವೇರ್ ಈಸ್ ದಿ ಬ್ರೈಡ್?"

ಅವಳು ಪಾಪ ನಕ್ಕಳು. "ಮದುವೆ ಪಾರ್ಟಿಗಾ ಸರ್? ಅಷ್ಟು ಜನಕ್ಕೆ ನಮ್ಮಲ್ಲಿ ಜಾಗ ಇಲ್ಲ."

ಗೋಡೆ ಹಿಡಿದು ನಿಂತೆ. ನನಗೆ ಮೆಟ್ಟಿಲು ಹತ್ತಿ ಸುಸ್ತಾಗಿದೆಯೆಂದು ತಿಳಿದು ನೀರು ಕೊಟ್ಟಳು. ಲಿಫ್ಟಿನಲ್ಲಿ ಬಂದೆ ತಾಯಿ ಎನ್ನಲು ಇಂಗ್ಲಿಷು ಬರಲಿಲ್ಲ. ಆಮೇಲೆ ಕೋಣೆ ತೋರಿಸಲು ಕರೆದೊಯ್ದಳು, ನನ್ನ ಮನೆಯೊಳಗೆ ನನ್ನನ್ನು. "ಹುಷಾರು ಸರ್, ಇಲ್ಲೊಂದು ಹೊಸ್ತಿಲಿದೆ," ಎಂದಳು. ಆ ಹೊಸ್ತಿಲು ನನ್ನ ಕಾಲಿಗೆ ಗೊತ್ತಿಲ್ಲವೇ? ಪ್ರತಿ ಕೋಣೆಯ ಬಾಗಿಲಿಗೂ ಒಂದೊಂದು ಬಟ್ಟೆಚೀಲ ತೂಗುತ್ತಿತ್ತು. "ಇದು ಇಲ್ಲಿಯ ಹಳೇ ಪದ್ಧತಿ ಸರ್, ಬೆಳಿಗ್ಗೆ ಬ್ರೆಡ್ಡು ತಂದು ಬಾಗಿಲಲ್ಲೇ ಹಾಕ್ತಾರೆ. ಬಂದವರಿಗೆ ತುಂಬಾ ಇಷ್ಟ. ಇದೊಂದೇ ನಿಜವಾದ ಹಳೇದು. ಮಿಕ್ಕಿದ್ದೆಲ್ಲ ಇದನ್ನ ನೋಡಿ ಹೊಲಿಸಿದ್ದು."

ಚೀಲದ ಮೇಲಿನ ದಿಯೋಲಿಂದಳ ಕವಲುಬಾಲದ ಹಕ್ಕಿ ನಿನಗೆ ನೆನಪಿದೆಯೇ? ಒಂದು ರೆಕ್ಕೆ ದೊಡ್ಡದಾಗಿಹೋಗಿತ್ತು, ಬಿಚ್ಚಿ ಹಾಕುತ್ತೇನೆ ಎನ್ನುತ್ತಲೇ ಇದ್ದಳು. ಜೆಫೆರಿನೊ, ಅಲ್ಲಿರುವ ಎಲ್ಲ ಚೀಲಗಳ ಎಲ್ಲ ಹಕ್ಕಿಗಳಿಗೂ ಒಂದೇ ರೆಕ್ಕೆ ದೊಡ್ಡದು. ನಿನ್ನಕ್ಕನ ತಪ್ಪನ್ನೂ ಬಿಡಲಿಲ್ಲ ಅವರು.

ಕೆಳಗಿಳಿದು ಎರ್ಮೀನಿಯಾಳ ಕಾಫಿ ಅಂಗಡಿಗೆ ಹೋಗಿ ಕೂತೆ. ಅವಳ ನಾಲಿಗೆ ನಿನಗೆ ಗೊತ್ತಲ್ಲ. "ಏನಯ್ಯಾ ಅಮಾದೇವು, ಸ್ವಂತ ಮನೆಗೆ ಗಿರಾಕಿಯಾಗಿ ಬಂದ್ಯಾ?"

"ದುವಾರ್ತೆ? ಆ ಹುಡುಗಿ?"

"ಮದುವೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ದುವಾರ್ತೆ ಇನ್ನೂ ಅಮ್ಮನ ಮನೇಲೇ ಸೂಪು ಕುಡ್ಕೊಂಡಿದಾನೆ. ನೀನು ಹೊರಟ ವಾರವೇ ಗೋಡೆ ಒಡೆಯೋಕೆ ಶುರು ಮಾಡಿದ್ರು."

"ಪ್ರತಿ ಭಾನುವಾರ ಸ್ಮಶಾನದಲ್ಲಿ ಸಿಗ್ತೀಯಲ್ಲೇ! ಒಂದು ಮಾತು ಹೇಳಬಾರದಿತ್ತಾ?"

ಅವಳು ಲೋಟ ಒರೆಸುವುದನ್ನು ನಿಲ್ಲಿಸಿದಳು. "ನನ್ನ ಗಂಡನ ಸಮಾಧಿಗೆ ಹೂ ಇಡ್ತಾ ಪಕ್ಕದ ಸಮಾಧಿ ಮುಂದೆ ನೀನು ದಿಯೋಲಿಂದಳ ಹತ್ರ ಮಾತಾಡೋದು ಕೇಳಿಸ್ತಿತ್ತು ಕಣೋ. ಹೇಗೆ ಹೇಳ್ಲಿ?"

ವಲದಾರೆಸನ ಮೇಲೆ ಮೊಕದ್ದಮೆ ಹಾಕು ಅನ್ನುತ್ತಾಳೆ ಲುರ್ದೆಸ್. ಹಾಕಬಹುದೇನೋ. ನೀನು ಬಂದಮೇಲೆ ಕೂತು ಮಾತಾಡೋಣ. ಸದ್ಯಕ್ಕೆ ನೀನು ಕೇಳಿದ್ದು ಹೋಟೆಲು. ಎರಡು ರಾತ್ರಿ ಯೋಚಿಸಿದೆ. ಬೇಕೆಂದೇ ಸುಳ್ಳು ಹೇಳಿ ಮೀನಿನ ಬಾಣಲೆಯ ಕೋಣೆಗೆ ನಿಮ್ಮನ್ನು ಹಾಕಬಹುದಿತ್ತು. ಆದರೆ ಇವೋನೆಯ ಕಾಲು ಏನು ತಪ್ಪು ಮಾಡಿದೆ? ಟ್ರಾಮು ಬಾಗಿಲಲ್ಲೇ, ಚೌಕ ಕೂಗಳತೆಯಲ್ಲಿ, ಹಬ್ಬದ ದಿನಗಳಲ್ಲೂ ಬೇರೆಯವರಿಗಿಂತ ಅಗ್ಗ. ಬೀದಿ ಕಡೆಯ ಕೋಣೆಯನ್ನು ನಿನ್ನ ಹೆಸರಿಗೆ ಹಿಡಿದಿಟ್ಟಿದ್ದೇನೆ. ಅದೇ, ನಾವು ಮಲಗುತ್ತಿದ್ದ ಕೋಣೆ. ಮಧ್ಯಾಹ್ನ ಕಿಟಕಿಯ ಎಡ ಬಾಗಿಲು ಮುಚ್ಚಿ, ಬಲದ್ದು ತೆರೆದಿಡಿ, ಗಾಳಿ ಚೆನ್ನಾಗಿ ಬರುತ್ತದೆ. ಇಲ್ಜೆಗೆ ಅದು ಗೊತ್ತಿಲ್ಲ.

ಒಂದು ಉಪಕಾರ ಮಾಡು. ಹೊರಡುವ ದಿನ ಆ ಹಳೆಯ ಚೀಲವನ್ನು ಪೆಟ್ಟಿಗೆಗೆ ಹಾಕಿಕೊಂಡು ಬಾ. ಚಿಕ್ಕಂದಿನಲ್ಲಿ ಪಾದ್ರಿಯ ಅಂಜೂರ ಕದ್ದವನು, ನಿನಗಿದು ಕಷ್ಟವಲ್ಲ.

ದಾರಿಯಲ್ಲಿ ದೇವರು ನಿಮ್ಮಿಬ್ಬರ ಕೈ ಹಿಡಿದು ನಡೆಸಲಿ. ಇವೋನೆಯ ಮೊಣಕಾಲಿಗೂ ನನ್ನ ಆಶೀರ್ವಾದ.

ನಿನ್ನ ಭಾವ,
ಅಮಾದೇವು

ಮರೆತ ಮಾತು: ಅಡುಗೆಮನೆಯ ಪಕ್ಕದ ಸಣ್ಣ ಕೋಣೆ ನೆನಪಿದೆಯಲ್ಲ, ನಾವು ಮಗುವಿಗೆಂದು ಹಳದಿ ಬಳಿದು, ಮಗುವೇ ಬರದೆ, ಬಣ್ಣ ಬದಲಿಸಲು ಮನಸ್ಸಾಗದೆ ಹಾಗೇ ಬಿಟ್ಟದ್ದು. ಮನೆ ಬಿಟ್ಟ ದಿನದಿಂದ ದಿಯೋಲಿಂದಳಿಗೆ ನಾನು ಹೇಳುತ್ತಿದ್ದದ್ದು ಅದರ ಸುದ್ದಿಯೇ. ಮದುಮಗಳು ಬಂದಳು, ಆ ಹುಡುಗಿಗೆ ದಿನ ತುಂಬುತ್ತಿರಬೇಕು, ಈಗ ತೊಟ್ಟಿಲು ಕಟ್ಟಿರಬೇಕು ಎಂದು. ಈ ಈಸ್ಟರಿನಲ್ಲಿ ಹೆಣ್ಣು ಮಗುವೆಂದೇ ನಿಶ್ಚಯಿಸಿ ಇಬ್ಬರೂ ಸೇರಿ ಹೆಸರಿಟ್ಟೆವು, ಬೆನೆಡಿಟಾ ಅಂತ. ಅಲ್ಲೀಗ ಒಬ್ಬರೇ ಬರುವ ಪ್ರವಾಸಿಗರು ಮಲಗುತ್ತಾರೆ. ಕಳೆದ ಎರಡು ಭಾನುವಾರ ನಾನು ಸ್ಮಶಾನದ ಗೇಟಿನವರೆಗೆ ಹೋಗಿ ವಾಪಸು ಬಂದೆ. ನೀನು ಬಂದಾಗ ಜೊತೆಯಲ್ಲಿ ಹೋಗೋಣ. ನೀನು ಅವಳ ತಮ್ಮ. ಬೆನೆಡಿಟಾ ಇಲ್ಲವೆಂದು ನೀನೇ ಅವಳಿಗೆ ಹೇಳು.